ಮೂರನೆಯ ದಿನವಲ್ಲ, ಆರನೆಯದು

ಬೇರೆಯವರು ಮಾಡಿದ ತಪ್ಪನ್ನು ಹುಡುಕುವುದು ನನ್ನ ಉದ್ಯೋಗ. ಟೋಕಿಯೋದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಒಂದು ಅಂಕಿ ಆಚೀಚೆಯಾದರೂ ಮೀಟಿಂಗಿನಲ್ಲಿ ಜಗಳ ತೆಗೆಯುವವನು ಎಂದು ನನಗೆ ಹೆಸರಿದೆ. ಜಪಾನಿನಲ್ಲಿ ಯಾರೂ ಮೀಟಿಂಗಿನಲ್ಲಿ ಜಗಳವಾಡುವುದಿಲ್ಲವಾದ್ದರಿಂದ ಆ ಹೆಸರು ಬಲು ಬೇಗ ಹಬ್ಬಿತು. ಇಂಥವನು ಕೊರೊನಾದ ಮೊದಲ ವರ್ಷ ತನ್ನ ಕೈಯಾರೆ ಸುಳ್ಳು ಅಂಕಿ ಬರೆದ ಎಂದರೆ ಆಫೀಸಿನಲ್ಲಿ ಯಾರೂ ನಂಬಲಾರರು. ಅದಕ್ಕೇ ಅಲ್ಲಿ ಯಾರಿಗೂ ಹೇಳಿಲ್ಲ.

ಆ ವರ್ಷ ಮಾರ್ಚ್ ಮೊದಲ ವಾರ ನನ್ನ ಹೆಂಡತಿ ಮೈಸೂರಿಗೆ ಹೋದಳು. ಅವಳ ಅಮ್ಮನಿಗೆ ಮಂಡಿಯ ಆಪರೇಷನ್ ಇತ್ತು, ಎರಡು ವಾರದಲ್ಲಿ ವಾಪಸು ಬರುವವಳಿದ್ದಳು. ಮೂರೂವರೆ ವರ್ಷದ ಮಗಳನ್ನು ನನ್ನ ಬಳಿ ಬಿಟ್ಟು ಹೋದದ್ದಕ್ಕೆ ಕಾರಣ ಅವಳ ಶಿಶುವಿಹಾರ. ಟೋಕಿಯೋದಲ್ಲಿ ಶಿಶುವಿಹಾರದ ಸೀಟು ಸಿಗುವುದು ಸುಲಭವಲ್ಲ. ಒಂದೂವರೆ ವರ್ಷ ಕಾದು ಪಡೆದ ಸೀಟಿಗೆ ಸುದೀರ್ಘ ರಜೆಯಿಂದ ಕುತ್ತು ಬರಬಾರದು ಎಂದು ನಾವಿಬ್ಬರೂ ಕೂತು ಲೆಕ್ಕ ಹಾಕಿದ್ದೆವು. ಎರಡು ವಾರ ತಾನೇ, ಅನ್ನ ಸಾರು ಮಾಡಿ ಹಾಕಲು ನನಗೆ ಬರುತ್ತದೆ ಎಂದು ನಾನೇ ಧೈರ್ಯ ಹೇಳಿದೆ. ಅವಳು ಅಲ್ಲಿಗೆ ಮುಟ್ಟಿದ ಮೇಲೆ ಮೊದಲು ಇಂಡಿಯಾ ವಿಮಾನ ನಿಲ್ಲಿಸಿತು. ಆಮೇಲೆ ಜಪಾನ್ ಬಾಗಿಲು ಹಾಕಿಕೊಂಡಿತು. ವೀಸಾ ಇದ್ದರೂ, ಇಲ್ಲೇ ಮನೆ ಇದ್ದರೂ, ಹೊರಗೆ ಹೋದ ವಿದೇಶಿಯರು ಒಳಗೆ ಬರುವಂತಿರಲಿಲ್ಲ.

ನಾವಿದ್ದದ್ದು ಟೋಕಿಯೋದ ಓಜಿಮಾ ಬಡಾವಣೆಯ ಒಂದು ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ. ಸುತ್ತಲೂ ನಮ್ಮ ದೇಶದ ಕುಟುಂಬಗಳೇ. ಮಾಮೂಲಿ ದಿನಗಳಲ್ಲಿ ಲಿಫ್ಟಿನೊಳಗೆ ಒಗ್ಗರಣೆಯ ವಾಸನೆ ಬರುತ್ತಿತ್ತು, ಕೆಳಗಿನ ಪಾರ್ಕಿನಲ್ಲಿ ನಾಲ್ಕು ಭಾಷೆಗಳಲ್ಲಿ ಮಕ್ಕಳನ್ನು ಗದರುವುದು ಕೇಳುತ್ತಿತ್ತು. ಆ ವರ್ಷ ಎಲ್ಲರ ಬಾಗಿಲೂ ಮುಚ್ಚಿದವು. ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮುಂದಿನದಕ್ಕೆ ಕಾಯುತ್ತಿದ್ದೆವು. ಜೂನ್ ತಿಂಗಳಲ್ಲಿ ಏಳನೆಯ ಮಹಡಿಯ ಒಂದು ಮಗುವಿಗೆ ಜ್ವರ ಬಂತು. ಬರೀ ಜ್ವರ, ಎರಡು ದಿನಕ್ಕೆ ಇಳಿಯಿತು. ಆದರೂ ಆ ಮನೆಯವರನ್ನು ಕಂಡರೆ ಜನ ಒಂದು ತಿಂಗಳು ರಸ್ತೆ ದಾಟುತ್ತಿದ್ದರು. ನಾನೂ ದಾಟಿದ್ದೇನೆ.

ಸಂಜೆ ಊಟದ ಹೊತ್ತಿಗೆ ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಇಡುತ್ತಿದ್ದೆ. ಅಮ್ಮ ಅಲ್ಲಿಂದ ಕನ್ನಡದಲ್ಲಿ ಕೇಳುವಳು, ಮಗಳು ಇಲ್ಲಿಂದ ಜಪಾನಿಯಲ್ಲಿ ಉತ್ತರಿಸುವಳು. ಇಬ್ಬರಿಗೂ ಅರ್ಥವಾಗುತ್ತಿತ್ತು. ಫೋನ್ ಇಟ್ಟ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಮಗಳು ಮಲಗಿದ ಮೇಲೆ ಆಫೀಸಿನ ಕೆಲಸ ತೆರೆದು ಕೂರುತ್ತಿದ್ದೆ. ಆ ನಾಲ್ಕು ತಿಂಗಳು ಮಾಸ್ಕ್ ಇಲ್ಲದ ದೊಡ್ಡವರ ಮುಖವನ್ನು ಕನ್ನಡಿಯಲ್ಲಿ ಬಿಟ್ಟರೆ ಎದುರೆದುರು ಕಂಡದ್ದೇ ಇಲ್ಲ. ನನಗೆ ತುಂಬಾ ಬೇಸರವಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಏಕೆಂದರೆ ಅಲ್ಲಿ ಅವಳಿಗೆ ಇನ್ನೂ ಹೆಚ್ಚು ಬೇಸರವಿತ್ತು.

ಶಿಶುವಿಹಾರದವರು ಪ್ರತಿ ಮಗುವಿಗೂ ಒಂದು ಜ್ವರದ ಪಟ್ಟಿ ಕೊಟ್ಟಿದ್ದರು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಅಂಕಿ ಬರೆಯಬೇಕು, ಶನಿವಾರ ಭಾನುವಾರವೂ ತಪ್ಪುವಂತಿಲ್ಲ. ಮೂವತ್ತೇಳೂವರೆ ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಗುವನ್ನು ಕಳಿಸುವಂತಿಲ್ಲ. ಔಷಧಿ ಇಲ್ಲದೆ ಜ್ವರ ಇಳಿದು ಒಂದು ಇಡೀ ದಿನ ಕಳೆದ ಮೇಲೆ ಬರಬಹುದು. ಯಾರೂ ಪರೀಕ್ಷಿಸಲು ಬರುವುದಿಲ್ಲ. ಬರೆದದ್ದು ನಿಜ ಎಂದೇ ಇಲ್ಲಿ ಎಲ್ಲರೂ ತಿಳಿಯುತ್ತಾರೆ, ಇಡೀ ದೇಶ ನಡೆಯುವುದೇ ಹಾಗೆ.

ಜುಲೈನ ಒಂದು ಶುಕ್ರವಾರ ಸಂಜೆ ಮಗಳ ಮೈ ಬೆಚ್ಚಗಿತ್ತು. ಥರ್ಮಾಮೀಟರ್ ಮೂವತ್ತೆಂಟು ದಾಟಿತು. ಸೋಮವಾರ ನಾನು ನೋಡಿಕೊಳ್ಳುತ್ತಿದ್ದ ಕೆಲಸ ಗ್ರಾಹಕರ ಕೈ ಸೇರಬೇಕಿತ್ತು. ಮಗಳು ಮನೆಯಲ್ಲಿದ್ದರೆ ಆ ದಿನ ನನ್ನಿಂದ ಏನೂ ಆಗುವುದಿಲ್ಲ. ಏಳನೆಯ ಮಹಡಿಯವರ ನೆನಪೂ ಬಂತು. ಬೆಂಗಳೂರಿನಿಂದ ಬರುವ ಪ್ರತಿ ಕುಟುಂಬದ ಸೂಟ್‌ಕೇಸಿನಲ್ಲೂ ಒಂದು ಔಷಧಿ ಡಬ್ಬ ಇರುತ್ತದೆ. ಇಲ್ಲಿನ ಡಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ನಮಗೆ ನಮ್ಮ ಬಡಾವಣೆಯ ಮೆಡಿಕಲ್ ಶಾಪಿನ ಮೇಲೇ ನಂಬಿಕೆ. ಡಬ್ಬ ತೆಗೆದು ಜ್ವರದ ಸಿರಪ್ ಕುಡಿಸಿದೆ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ನೋಡಿದೆ. ಮೂವತ್ತಾರು ಪಾಯಿಂಟ್ ಎಂಟು. ಪಟ್ಟಿಯಲ್ಲಿ ಮೂವತ್ತಾರೂವರೆ ಎಂದು ಬರೆದೆ. ಸುಳ್ಳು ಬರೆಯಲು ಕೂತವನಿಗೆ ಇನ್ನೊಂದು ಸ್ವಲ್ಪ ಇಳಿಸಿ ಬರೆಯುವುದರಲ್ಲಿ ಏನು ಹೋಯಿತು.

ಶನಿವಾರ, ಭಾನುವಾರ ಅದೇ ನಡೆಯಿತು. ಜ್ವರ ಏರುವುದು, ಸಿರಪ್ ಕುಡಿಸುವುದು, ಇಳಿದ ಮೇಲೆ ಅಳೆಯುವುದು, ಬರೆಯುವುದು. ಹೆಂಡತಿಗೂ ಹೇಳಲಿಲ್ಲ. ಸುಮ್ಮನೆ ಅಷ್ಟು ದೂರದಲ್ಲಿ ಕೂತು ಗಾಬರಿಪಡುವುದೇಕೆ ಎಂದು ನನಗೆ ನಾನೇ ಒಂದು ನೆಪ ಹೇಳಿಕೊಂಡೆ. ಸೋಮವಾರ ಬೆಳಗ್ಗೆಯೂ ಸಿರಪ್ ಕುಡಿಸಿ ಶಿಶುವಿಹಾರಕ್ಕೆ ಬಿಟ್ಟು ಬಂದೆ. ಮಧ್ಯಾಹ್ನ ಅಲ್ಲಿನ ಟೀಚರ್ ಫೋನ್ ಮಾಡಿದರು. ಮಗಳಿಗೆ ಮೂವತ್ತೊಂಬತ್ತರ ಹತ್ತಿರ ಜ್ವರ. "ಬೆಳಗ್ಗೆ ಚೆನ್ನಾಗಿದ್ದಳಲ್ಲವೇ? ಇದ್ದಕ್ಕಿದ್ದಂತೆ ಬಂದಿರಬೇಕು, ಪಾಪ," ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ನಾನು "ಸುಮಿಮಾಸೆನ್" ಎಂದು ಮೂರು ಸಲ ಹೇಳಿ ಮಗಳನ್ನು ಎತ್ತಿಕೊಂಡು ಬಂದೆ. ಕ್ಷಮಿಸಿ ಎನ್ನುವ ಮಾತನ್ನು ಇಲ್ಲಿ ಎಲ್ಲದಕ್ಕೂ ಹೇಳುವುದರಿಂದ ನಾನು ಯಾವುದಕ್ಕೆ ಹೇಳಿದೆ ಎಂದು ಅವರಿಗೆ ತಿಳಿಯಲಿಲ್ಲ.

ಹತ್ತಿರದ ಕ್ಲಿನಿಕ್ಕಿನವರು ಸೋಮವಾರ ನಮ್ಮನ್ನು ಹೊರಗಿನ ಡೇರೆಯಲ್ಲಿ ಕೂರಿಸಿ ನೋಡಿ, ಮಕ್ಕಳಿಗೆ ಬರುವ ಮಾಮೂಲಿ ಜ್ವರ, ಬುಧವಾರದೊಳಗೆ ಇಳಿಯದಿದ್ದರೆ ಬನ್ನಿ ಎಂದರು. ಬುಧವಾರ ಬೆಳಗ್ಗೆ ಮಗಳ ಕಣ್ಣು ಕೆಂಪಾಗಿತ್ತು, ಆದರೆ ಪಿಸುರಿರಲಿಲ್ಲ. ತುಟಿ ಒಡೆದು ರಕ್ತದ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಮೇಲೆ ದದ್ದು. ಕ್ಲಿನಿಕ್ಕಿನ ಡಾಕ್ಟರ್ ಅದನ್ನೆಲ್ಲ ನೋಡಿ ಕೊನೆಗೆ ಅವಳ ಎಡತೋಳಿನ ಅಂಗಿ ಮೇಲೆತ್ತಿದರು. ಜಪಾನಿನಲ್ಲಿ ಕ್ಷಯದ ಲಸಿಕೆಯನ್ನು ಒಂಬತ್ತು ಸೂಜಿಯ ಅಚ್ಚಿನಿಂದ ಎರಡು ಸಲ ಒತ್ತುತ್ತಾರೆ. ನಮ್ಮ ತೋಳಿನ ಹಾಗೆ ಒಂದೇ ಕಲೆ ಇರುವುದಿಲ್ಲ, ಹದಿನೆಂಟು ಚುಕ್ಕೆ. ಎಂದೋ ಮಾಸಿದ ಆ ಚುಕ್ಕೆಗಳ ಸುತ್ತ ಚರ್ಮ ಕೆಂಪಗೆ ಊದಿಕೊಂಡಿತ್ತು. ಡಾಕ್ಟರ್ ಪೆನ್ನು ಕೆಳಗಿಟ್ಟು ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರು. ಕಾವಾಸಾಕಿ ಕಾಯಿಲೆಯ ಅನುಮಾನವಿದೆ ಎಂದು ಅವರು ಹೇಳುವುದು ನನಗೆ ಕೇಳಿಸಿತು. ಆ ಹೆಸರು ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಮೊದಲು ಕೊರೊನಾ ಪರೀಕ್ಷೆ. ಅದು ಇಲ್ಲ ಎಂದು ಬಂದ ಮೇಲೆ ಮಕ್ಕಳ ವಾರ್ಡಿನಲ್ಲಿ ಒಂಟಿ ಕೋಣೆ ಕೊಟ್ಟರು. ಮಗುವಿನ ಜೊತೆ ಒಬ್ಬರು ಇರಬಹುದು. ಇದ್ದವರು ಹೊರಗೆ ಹೋಗುವಂತಿಲ್ಲ, ಇನ್ನೊಬ್ಬರು ಬದಲಾಗಿ ಬರುವಂತಿಲ್ಲ. ನನಗೆ ಬದಲಾಗಿ ಬರಲು ಯಾರಿದ್ದರು? ಆಸ್ಪತ್ರೆಯ ಕೆಳಗೇ ಇದ್ದ ಕೊಂಬಿನಿಗೆ ದಿನಕ್ಕೊಮ್ಮೆ ಹೋಗಲು ಅರ್ಧ ಗಂಟೆ ಬಿಡುತ್ತಿದ್ದರು. ಆ ಪುಟ್ಟ ಅಂಗಡಿಯಲ್ಲಿ ಮೀನಿಲ್ಲದ ಅನ್ನದುಂಡೆ ಹುಡುಕಿ ತಂದು ಕಿಟಕಿಯ ಬಳಿ ಕೂತು ತಿನ್ನುತ್ತಿದ್ದೆ.

ನಮ್ಮನ್ನು ನೋಡಿಕೊಂಡ ವೈದ್ಯೆಗೆ ಹೆಚ್ಚುಕಡಿಮೆ ನನ್ನ ಅಕ್ಕನ ವಯಸ್ಸು. ನಿಧಾನವಾಗಿ, ಪ್ರತಿ ಪದವನ್ನೂ ಆರಿಸಿಕೊಂಡು ಇಂಗ್ಲಿಷ್ ಮಾತನಾಡುತ್ತಿದ್ದರು. ಜ್ವರ ಯಾವಾಗ ಶುರುವಾಯಿತು ಎಂದು ಕೇಳಿದರು. "ಸೋಮವಾರ," ಎಂದೆ. ಬ್ಯಾಗಿನಲ್ಲಿದ್ದ ಪಟ್ಟಿಯನ್ನೂ ಕೇಳಿ ತೆಗೆದುಕೊಂಡರು. ಅದರ ಮೇಲೆ ಪೆನ್ನಿನ ತುದಿ ಇಟ್ಟು ಎಣಿಸಿದರು. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. "ಇವತ್ತು ಕಾಯಿಲೆಯ ಮೂರನೆಯ ದಿನ."

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು, ಒಂದರೊಳಗೊಂದು ಮೂರು ವೃತ್ತ ಬರೆದು, ನನ್ನ ಮಗಳ ಮೈಯೊಳಗೆ ಏನಾಗುತ್ತಿದೆ ಎಂದು ಹೇಳಿದರು. ಇದು ರಕ್ತನಾಳಗಳ ಉರಿಯೂತ. ಯಾಕೆ ಶುರುವಾಗುತ್ತದೆ ಎಂದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹೊರಗಿನ ಯಾವುದೋ ಸೋಂಕು ತಗುಲಿ, ಅದನ್ನು ಓಡಿಸಲು ಎದ್ದ ಮೈಯ ಕಾವಲು ಕಣಗಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಾಳಗಳ ಗೋಡೆಗೇ ನುಗ್ಗುತ್ತವೆ ಎಂದು ಊಹೆ. ಮೊದಲು ಒಳಗಿನ ನುಣುಪಾದ ಪದರ ಊದಿಕೊಳ್ಳುತ್ತದೆ. ಉರಿ ಹಾಗೇ ಮುಂದುವರಿದರೆ ನಡುವಿನ ಪದರಕ್ಕೆ ಇಳಿಯುತ್ತದೆ. ರಕ್ತ ನುಗ್ಗಿದಾಗ ಹಿಗ್ಗಿ ಮತ್ತೆ ಕುಗ್ಗುವ ಎಳೆಗಳು ಇರುವುದು ಅಲ್ಲೇ. ಕಾವಲು ಕಣಗಳು ಬಿಡುವ ರಸಗಳು ಆ ಎಳೆಗಳನ್ನು ಕತ್ತರಿಸುತ್ತವೆ. ಎಳೆ ಹರಿದ ಗೋಡೆ ರಕ್ತದ ಒತ್ತಡ ತಾಳಲಾರದೆ ಹೊರಕ್ಕೆ ಉಬ್ಬುತ್ತದೆ. ಉಬ್ಬಿದ ಕಡೆ ರಕ್ತ ನಿಧಾನವಾಗಿ ಸುಳಿದು ಹೆಪ್ಪುಗಟ್ಟಬಹುದು. ಕೈಕಾಲಿನ ನಾಳವಾದರೆ ಹೇಗೋ ಆದೀತು, ಆದರೆ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳನ್ನು.

ಹವೆ ತುಂಬಿದ ಸೈಕಲ್ ಟ್ಯೂಬು ಟೈರು ಸವೆದ ಕಡೆ ಹೊರಗೆ ಉಬ್ಬುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಹಾಳೆಯ ಮೇಲೆ ಅವರು ಎಳೆದ ಗೆರೆ ಹಾಗೇ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ನಮ್ಮಲ್ಲಿ ಹೇಳುವುದು ಮನಸ್ಸಿಗೆ ಬಂತು. ಆ ಮಾತು ನನಗೂ ತಗುಲಿತು.

"ಅದಕ್ಕೇ ನಾವು ದಿನ ಎಣಿಸುತ್ತೇವೆ," ಎಂದರು ವೈದ್ಯೆ. "ನಡುವಿನ ಪದರ ಹಾಳಾಗುವ ಮೊದಲು ಉರಿಯನ್ನು ನಿಲ್ಲಿಸಬೇಕು. ವಾರ ಕಳೆಯುವುದರೊಳಗೆ ಔಷಧಿ ಹೋದರೆ ಒಳ್ಳೆಯದು. ಮೂರನೆಯ ದಿನವಾದ್ದರಿಂದ ನಮಗೆ ಸಮಯವಿದೆ. ಲಕ್ಷಣಗಳೂ ಇನ್ನೂ ಪೂರ್ತಿ ಬಂದಿಲ್ಲ. ಇವತ್ತಿನ ಸ್ಕ್ಯಾನಿನಲ್ಲಿ ನಾಳಗಳು ಚೆನ್ನಾಗಿವೆ. ಶುಕ್ರವಾರದವರೆಗೆ ನೋಡೋಣ." ನಾನು ತಲೆಯಾಡಿಸಿದೆ. ಅವರು ಬಾಗಿ ವಂದಿಸಿ ಹೊರಟುಹೋದರು.

ಆಗ ಬೆಳಗಿನ ಹನ್ನೊಂದು ಗಂಟೆ. ನಾನು ಬಾಯಿ ಬಿಟ್ಟದ್ದು ಮಧ್ಯಾಹ್ನ ಮೂರಕ್ಕೆ. ಆ ನಾಲ್ಕು ಗಂಟೆ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ, ಹಾಸಿಗೆಯ ಪಕ್ಕ ಕೂತಿದ್ದೆ. ನನ್ನ ಮುಂದೆ ಅವರು ಬಿಟ್ಟುಹೋದ ಹಾಳೆಯಿತ್ತು. ಸೋಮವಾರದಿಂದ ಎಣಿಸಿದರೆ ಮೂರು, ಶುಕ್ರವಾರದಿಂದ ಎಣಿಸಿದರೆ ಆರು. ಇನ್ನೆರಡು ದಿನ ಕಾದರೆ ಎಂಟು. ಈ ಕೂಡುವ ಲೆಕ್ಕ ಮಗಳಿಗೂ ಬರುತ್ತಿತ್ತು. ಆದರೂ ನನ್ನ ತಲೆ ದಾರಿಗಳನ್ನು ಹುಡುಕುತ್ತಿತ್ತು. ಶುಕ್ರವಾರದ ಜ್ವರ ಬೇರೆಯೇ ಇದ್ದಿರಬಹುದು. ಶಿಶುವಿಹಾರಕ್ಕೆ ತಿಳಿದರೆ ಸೀಟು ಹೋಗುತ್ತದೆ. ಇಂಡಿಯಾದವರೇ ಹೀಗೆ ಎನ್ನುತ್ತಾರೆ. ವೀಸಾಕ್ಕೆ ಏನಾದರೂ ಆದೀತೇ ಎಂದು ಕೂಡ ಯೋಚಿಸಿದೆ, ಅಷ್ಟು ಹೇಡಿ ನಾನು. ಮಗಳು ಎದ್ದು, ಊದಿದ ಕೈ ಮುಂದೆ ಚಾಚಿ, "ಅಪ್ಪ, ಇತಾಯ್," ಎಂದಳು. ನೋವು ಎನ್ನುವುದಕ್ಕೆ ಅವಳಿಗೆ ಜಪಾನಿ ಪದವೇ ಬರುವುದು. ಬೆರಳುಗಳು ದಪ್ಪಗಾಗಿ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ನಾನು ಕರೆಗಂಟೆ ಒತ್ತಿದೆ.

ಬಂದ ನರ್ಸಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಜಪಾನಿ ತರಕಾರಿ ಕೊಳ್ಳಲು ಸಾಕು, ತಪ್ಪೊಪ್ಪಿಗೆಗೆ ಸಾಲದು. ಅವರು ಅನುವಾದ ಮಾಡುವ ಪುಟ್ಟ ಯಂತ್ರವೊಂದನ್ನು ನನ್ನ ಮುಂದೆ ಹಿಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಜ್ವರ ಬಂದದ್ದು ಶುಕ್ರವಾರ. ನಾನು ಔಷಧಿ ಕೊಟ್ಟು ಜ್ವರ ಇಳಿಸಿ, ಆಮೇಲೆ ಅಳೆದು ಬರೆದೆ. ಪಟ್ಟಿಯಲ್ಲಿರುವುದು ಸುಳ್ಳು. ಯಂತ್ರ ಒಂದು ಕ್ಷಣ ಸುಮ್ಮನಿದ್ದು, ರೈಲ್ವೆ ಸ್ಟೇಷನ್ನಿನಲ್ಲಿ ಘೋಷಣೆ ಮಾಡುವ ಹೆಣ್ಣಿನ ಹಾಗೆ ಇಂಪಾದ ದನಿಯಲ್ಲಿ, ಅತ್ಯಂತ ವಿನಯದಿಂದ ನನ್ನ ಸುಳ್ಳನ್ನು ಇಡೀ ಕೋಣೆಗೆ ಸಾರಿತು. ನರ್ಸಿನ ಮುಖದ ಅರ್ಧಭಾಗ ಮಾಸ್ಕಿನೊಳಗಿತ್ತು, ಏನು ಅಂದುಕೊಂಡರೋ ಗೊತ್ತಾಗಲಿಲ್ಲ. ಸರಿ ಎನ್ನುವ ಜಪಾನಿ ಪದ, "ಹಾಯ್," ಎಂದಷ್ಟೇ ಹೇಳಿ ಬೇಗ ಬೇಗ ಹೊರಗೆ ಹೋದರು.

ವೈದ್ಯೆ ಐದು ನಿಮಿಷದಲ್ಲಿ ಬಂದರು. ಬೈಯುತ್ತಾರೆ ಎಂದು ಎದ್ದು ನಿಂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ನಮ್ಮೂರಿನ ಡಾಕ್ಟರಾಗಿದ್ದರೆ, "ಏನ್ರೀ, ಓದಿದೋರು ನೀವು, ಬುದ್ಧಿ ಬೇಡ್ವಾ?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಾಡಿ, ಆಮೇಲೆ ಬೆನ್ನು ತಟ್ಟುತ್ತಿದ್ದರು. ಇವರು ಶುಕ್ರವಾರ ಎಷ್ಟು ಗಂಟೆಗೆ, ಎಷ್ಟು ಜ್ವರ, ಯಾವ ಔಷಧಿ, ಎಷ್ಟು ಸಲ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ತಮ್ಮ ಕಾಗದದಲ್ಲಿದ್ದ ಮೂರನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ ಆರು ಎಂದು ಬರೆದರು. "ಈಗಲಾದರೂ ಹೇಳಿದಿರಿ, ಒಳ್ಳೆಯದಾಯಿತು. ಇವತ್ತೇ ಶುರು ಮಾಡುತ್ತೇವೆ," ಎಂದರು. ಆ ಕೋಣೆಯಲ್ಲಿ ನನ್ನಷ್ಟು ಒಂಟಿಯಾಗಿ ಯಾರೂ ನಿಂತಿರಲಿಕ್ಕಿಲ್ಲ.

ಆ ಸಂಜೆ ಮಗಳ ಕೈಗೆ ಗಾಜಿನ ಸೀಸೆಯಿಂದ ಹನಿ ಹನಿಯಾಗಿ ಔಷಧಿ ಇಳಿಯಿತು. ಎಷ್ಟೋ ಜನ ದಾನ ಕೊಟ್ಟ ರಕ್ತದಿಂದ ತೆಗೆದ ರಕ್ಷಣೆಯ ಅಂಶ ಅದು, ಕೆರಳಿದ ಕಾವಲನ್ನು ತಣಿಸುತ್ತದೆ ಎಂದು ಹೇಳಿದರು. ಗುರುತು ಪರಿಚಯವಿಲ್ಲದ ಜಪಾನಿಗಳು ನನ್ನ ಮಗಳಿಗಾಗಿ ಸೂಜಿ ಚುಚ್ಚಿಸಿಕೊಂಡಿದ್ದರು, ಮನೆಯವನಾದ ನಾನು ಮೂರು ದಿನ ಕದ್ದಿದ್ದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು, ಸಿರಪ್ ಇಲ್ಲದೆ. ಅವಳು ಹಾಲು ಕೇಳಿದಳು. ನಾನು ಬಚ್ಚಲುಮನೆಗೆ ಹೋಗಿ ಅತ್ತೆ.

ಎರಡನೆಯ ವಾರ ಅವಳ ಬೆರಳ ತುದಿಯಿಂದ ಚರ್ಮ ಸುಲಿಯತೊಡಗಿತು. ಅದು ಈ ಕಾಯಿಲೆಯ ವಾಡಿಕೆ, ನೋವಿಲ್ಲ ಎಂದರು. ಆದರೆ ಆ ವಾರದ ಸ್ಕ್ಯಾನಿನಲ್ಲಿ ಹೃದಯದ ಎಡಗಡೆಯ ನಾಳ ಒಂದು ಕಡೆ ಕೊಂಚ ಉಬ್ಬಿತ್ತು. ಸಣ್ಣದು, ತಾನಾಗಿ ಇಳಿಯುವ ಸಾಧ್ಯತೆ ಇದೆ, ದಿನಾ ಒಂದು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡಿ, ರಕ್ತ ಹೆಪ್ಪುಗಟ್ಟಬಾರದು ಎಂದರು. ನಾನು ಕೇಳಲೇಬೇಕಾದದ್ದನ್ನು ಕೇಳಿದೆ: "ಮೂರು ದಿನ ಮೊದಲು ಹೇಳಿದ್ದರೆ ಇದು ಆಗುತ್ತಿರಲಿಲ್ಲವೇ?" ವೈದ್ಯೆ ಕಡತದ ಪುಟಗಳನ್ನು ಹಿಂದಕ್ಕೆ ತಿರುವಿ ನೋಡಿದರು. "ಐದನೆಯ ದಿನ ಔಷಧಿ ಕೊಟ್ಟ ಮಕ್ಕಳಿಗೂ ಕೆಲವೊಮ್ಮೆ ಆಗುತ್ತದೆ. ನಿಮ್ಮ ಮಗಳ ವಿಷಯದಲ್ಲಿ ನನಗೆ ಗೊತ್ತಿಲ್ಲ," ಎಂದರು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಹೆಂಡತಿಗೆ ನಾನು ಹೇಳಿದ್ದು ಪಟ್ಟಿಯಲ್ಲಿದ್ದ ಕಥೆಯನ್ನೇ. ಸೋಮವಾರ ಜ್ವರ ಬಂತು, ಬುಧವಾರ ಔಷಧಿ ಕೊಟ್ಟರು. ಅವಳು ಮೈಸೂರಿನಲ್ಲಿ ಕೂತು ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು. "ಮೂರನೇ ದಿನಾನೇ ಔಷಧಿ ಹೋಗಿದೆ. ಆದ್ರೂ ಯಾಕೆ ಹಿಂಗಾಯ್ತು?" ಎಂದು ಮತ್ತೆ ಮತ್ತೆ ಕೇಳುವಳು. ಕೊನೆಗೆ ತಾನೇ ಒಂದು ಉತ್ತರ ಕಂಡುಕೊಂಡಳು. "ಅವಳಿಗೆ ಮೊದ್ಲೇ ಮೈ ಸರಿ ಇರ್ಲಿಲ್ಲ ಅನ್ಸುತ್ತೆ. ನಾನಿದ್ದಿದ್ರೆ ಮುಟ್ಟಿದ ತಕ್ಷಣ ಗೊತ್ತಾಗ್ತಿತ್ತು. ನಿಂಗೇನ್ ಗೊತ್ತಾಗುತ್ತೆ, ಪಾಪ. ನಾನು ಬಿಟ್ಟು ಬರಬಾರ್ದಿತ್ತು ಕಣೋ." ಆಗ ಹೇಳಬಹುದಿತ್ತು. ಫೋನಿನಲ್ಲಿ ಹೇಗೆ ಹೇಳುವುದು, ಬಂದ ಮೇಲೆ ಹೇಳೋಣ ಎಂದುಕೊಂಡೆ.

ಅಕ್ಟೋಬರಿನಲ್ಲಿ ಗಡಿ ತೆರೆದು ಅವಳು ಬಂದಳು. ಹದಿನಾಲ್ಕು ದಿನ ಹತ್ತಿರದ ಒಂದು ಹೋಟೆಲಿನ ನಾಲ್ಕನೆಯ ಮಹಡಿಯಲ್ಲಿ ಒಬ್ಬಳೇ ಇದ್ದಳು. ನಾನೂ ಮಗಳೂ ಸಂಜೆ ಹೋಗಿ ರಸ್ತೆಯಲ್ಲಿ ನಿಂತು ಕೈ ಬೀಸುತ್ತಿದ್ದೆವು. ಮನೆಗೆ ಬಂದ ಮೇಲೆ ಪ್ರತಿ ಬೆಳಗ್ಗೆ ಮಗಳಿಗೆ ಆಸ್ಪಿರಿನ್ ಕರಗಿಸಿ ಕುಡಿಸುವ ಕೆಲಸ ತಾನೇ ಹಿಡಿದಳು. ಕುಡಿಸಿದ ಮೇಲೆ ಕೆಲವು ದಿನ ಊಟದ ಮೇಜಿನ ಬಳಿ ಕೂತು ಅಳುತ್ತಿದ್ದಳು. ನಾನು ಪ್ರತಿ ವಾರ ಈ ವಾರ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾಗುತ್ತಿದ್ದೆ.

ಮರುವರ್ಷ ಬೇಸಿಗೆಯಲ್ಲಿ ಒಂದು ವರ್ಷದ ಸ್ಕ್ಯಾನಿಗೆ ಕರೆದರು. ಆಗಲೂ ಒಳಗೆ ಒಬ್ಬರಿಗೇ ಪ್ರವೇಶ. ಒಮ್ಮೆಯಾದರೂ ತಾನೇ ನೋಡಬೇಕೆಂದು ಹೆಂಡತಿ ಹೋದಳು. ಅವಳಿಗಾಗಿ ದುಭಾಷಿಯೊಬ್ಬರನ್ನೂ ಫೋನಿನಲ್ಲಿ ಹಿಡಿದಿದ್ದರು. ನಾನು ಹೊರಗೆ, ಒಂದು ಬಿಟ್ಟು ಒಂದು ಕುರ್ಚಿಗೆ ಯಾರೂ ಕೂರದಂತೆ ಟೇಪು ಅಂಟಿಸಿದ್ದ ಸಾಲಿನಲ್ಲಿ ಕೂತೆ. ಮುಕ್ಕಾಲು ಗಂಟೆಯ ಮೇಲೆ ಮಗಳು ಓಡಿಬಂದಳು. ಹಿಂದೆಯೇ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ, ನಗುತ್ತ ಬಂದಳು. ನಾಳದ ಅಗಲ ಮಾಮೂಲಿಗೆ ಬಂದಿದೆ. ಆಸ್ಪಿರಿನ್ ನಿಲ್ಲಿಸಬಹುದು. ವಾಸಿಯಾದ ಗೋಡೆ ಮೊದಲಿನಷ್ಟು ಮೆತ್ತಗಿರುವುದಿಲ್ಲವಾದ್ದರಿಂದ ಆಗಾಗ ಬಂದು ತೋರಿಸುತ್ತಿರಬೇಕು, ಅಷ್ಟೇ.

"ಸೆನ್ಸೇ ನಿನ್ನ ತುಂಬಾ ಹೊಗಳಿದ್ರು ಕಣೋ," ಎಂದಳು. ಇಲ್ಲಿ ಡಾಕ್ಟರನ್ನೂ ಟೀಚರನ್ನೂ ಕರೆಯುವುದು ಸೆನ್ಸೇ ಎಂದೇ. "ಆವತ್ತು ಮಧ್ಯಾಹ್ನ ನಿಮ್ಮ ಹಸ್ಬೆಂಡ್ ಧೈರ್ಯ ಮಾಡಿ ಹೇಳ್ದೇ ಇದ್ದಿದ್ರೆ ಟ್ರೀಟ್‌ಮೆಂಟ್ ಇನ್ನೂ ಎರಡು ದಿನ ಲೇಟ್ ಆಗ್ತಿತ್ತು ಅಂದ್ರು. ಏನೋ ಹೇಳಿದ್ದೆ ಅಂಥದ್ದು?"

ಎರಡು ಮೂರು ಒಳ್ಳೆಯ ಸುಳ್ಳುಗಳು ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಅವುಗಳನ್ನು ನುಂಗಿ ಎಲ್ಲವನ್ನೂ ಹೇಳಿದೆ. ಶುಕ್ರವಾರದ ಸಂಜೆಯಿಂದ ಹಿಡಿದು ಬುಧವಾರದ ಮೂರು ಗಂಟೆಯವರೆಗೆ. ಅವಳು ಟೇಪು ಅಂಟಿಸಿದ್ದ ಕುರ್ಚಿಯ ಮೇಲೆಯೇ ಕುಳಿತಳು. ಮಗಳು ನಮ್ಮಿಬ್ಬರ ಮುಖವನ್ನೂ ನೋಡಿ ದೂರ ಸರಿದು ಕಿಟಕಿಯ ಬಳಿ ನಿಂತಳು.

"ಶುಕ್ರವಾರದಿಂದ," ಎಂದಳು ಹೆಂಡತಿ.

"ಶುಕ್ರವಾರ ಸಂಜೆಯಿಂದ."

ಕೈಯಲ್ಲಿದ್ದ ಆಸ್ಪತ್ರೆಯ ಕಾಗದಗಳನ್ನು ಮಡಿಸಿ ಬ್ಯಾಗಿಗೆ ಹಾಕಿದಳು. ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದಳು.

"ಜ್ವರ ಮುಚ್ಚಿಟ್ಟಿದ್ದು ಬಿಡು. ಒಬ್ಳೇ ಇದ್ದಿದ್ರೆ ನಾನೂ ಅದನ್ನೇ ಮಾಡ್ತಿದ್ನೋ ಏನೋ. ಆದ್ರೆ ನಾನು ಇಲ್ದೇ ಇದ್ದಿದ್ದಕ್ಕೇ ಹಿಂಗಾಯ್ತು ಅಂತ ಇಷ್ಟು ತಿಂಗಳು ನಿನ್ ಮುಂದೇನೇ ಅತ್ತೆ. ನೀನು ಪ್ರತಿ ಸಲ ಎದ್ದು ಹೋಗಿ ನಂಗೆ ಕುಡಿಯಕ್ಕೆ ನೀರು ತಂದ್ಕೊಟ್ಟೆ."